ಎಂ. ಓ. ಪಿ. ಅಯ್ಯಂಗಾರ್

ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್ (1886–1963) ಭಾರತದ ಪ್ರಸಿದ್ಧ ಸಸ್ಯವಿಜ್ಞಾನಿ. ಇವರನ್ನು ಭಾರತೀಯ ಶೈವಲಶಾಸ್ತ್ರದ ಪಿತಾಮಹರೆಂದು ಕರೆಯಲಾಗುತ್ತದೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದು, ಅನಂತರ ಮದರಾಸು ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದರು.

ಸಿಹಿನೀರಿನ ಪಾಚಿಗಳ ಜೊತೆಗೆ ಇವರು ಕಡಲಕಳೆಗಳನ್ನೂ ಅಭ್ಯಸಿಸಿದರು. ರಾಮೇಶ್ವರದ ಸಮೀಪದ ಕ್ರುಸಡೈ ಎಂಬ ಹವಳದ ದ್ವೀಪದ ಸಸ್ಯಗಳನ್ನು ಕುರಿತ ಇವರ ಬರೆಹ 1927ರಲ್ಲಿ ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯದ ಬುಲೆಟಿನ್ನಿನಲ್ಲಿ ಪ್ರಕಟವಾಯಿತು. ನಿಜವಾದ ಬೇರಿಲ್ಲದ ಕಡಲಕಳೆಗಳು ಹೆಚ್ಚಾಗಿ ಬಂಡೆಗಳಿಗೂ ಸತ್ತ ಹವಳಗಳಿಗೂ ಅಂಟಿಕೊಂಡು ಬೆಳೆಯುತ್ತವೆ. ಆ ನೆಲೆ ಹಾಳಾದರೆ ಅವೂ ಅಳಿಯುತ್ತವೆ. ಆದುದರಿಂದ ದ್ವೀಪತೀರದ ಬದಲಾವಣೆಯನ್ನು ಅರಿಯಲು ಇಂತಹ ಹಳೆಯ ದಾಖಲೆಗಳೇ ಆಧಾರ. ಈ ದ್ವೀಪ ಇಂದು ಮನ್ನಾರ್ ಖಾರಿಯ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ.

ಡೆನ್ಮಾರ್ಕಿನ ಶೈವಲತಜ್ಞ ಬೋರ್ಗೆಸೆನ್ ಕಂದು ಕಡಲಕಳೆಯ ಒಂದು ಕುಲಕ್ಕೆ ಇವರ ಗೌರವಾರ್ಥ 'ಅಯ್ಯಂಗಾರಿಯ' ಎಂದು ಹೆಸರಿಟ್ಟರು.