ಸವೆದ ರೂಪಾಯಿಯ ಬೆಲೆ

ಕೆಲವು ದಿನಗಳ ಹಿಂದೆ ವೃದ್ಧ ಗೃಹಿಣಿಯೊಬ್ಬರು ದೇವರ ಪೆಟ್ಟಿಗೆಯಲ್ಲಿದ್ದ ಬೆಳ್ಳಿಯ ರೂಪಾಯಿಯೊಂದನ್ನು ರೇಷ್ಮೆಯ ಚಿಂದಿಯಲ್ಲಿ ಸುತ್ತಿ ನನ್ನಲ್ಲಿಗೆ ತಂದರು. ಮೊಮ್ಮಗನ ವಿದ್ಯಾಭ್ಯಾಸದ ಶುಲ್ಕಕ್ಕೆ ಹಣ ಸಾಲದೆ ಬಂದಿದ್ದಿತು. ವಿಕ್ಟೋರಿಯಾ ರಾಣಿಯ ಮುಖ, ಹಿಂಬದಿಯಲ್ಲಿ 1862 ಎಂಬ ಅಂಕೆ. ಅಷ್ಟು ಪುರಾತನವಾದುದಕ್ಕೆ ಬೆಲೆಯೂ ಅಷ್ಟೇ ಇರಬೇಕೆಂದು ಅವರ ನಂಬಿಕೆ. ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ಇಂತಹ ರೂಪಾಯಿ ಇರುವುದರಿಂದ ಅಂದಿನ ಪರೀಕ್ಷೆಯ ವಿಷಯವನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ಆ ಅಂಕೆಯನ್ನು ನಂಬಲಾಗದು. ಹಿಂದೆ ಬಂಗಾಳದ ಸರಾಫರು ರೂಪಾಯಿಯ ಮೇಲಿನ ವರ್ಷವನ್ನು ನೋಡಿ, ಹಳೆಯದಾದಷ್ಟೂ ಹೆಚ್ಚು ವಟ್ಟವನ್ನು ಮುರಿದುಕೊಳ್ಳುತ್ತಿದ್ದರು. ಇದನ್ನು ತಪ್ಪಿಸಲು ಕಂಪೆನಿ ಸರ್ಕಾರವು 1793ರ ಕಾನೂನಿನಿಂದ, ಯಾವಾಗ ಅಚ್ಚಾದರೂ ಷಾ ಆಲಮನ ಆಳ್ವಿಕೆಯ 19ನೆಯ ವರ್ಷವನ್ನೇ ರೂಪಾಯಿಯ ಮೇಲೆ ಮುದ್ರಿಸುವಂತೆ ಮಾಡಿತು. ವರ್ಷವನ್ನು ಹೀಗೆ ನಿಲ್ಲಿಸುವ ಪದ್ಧತಿ ರಾಣಿಯ ಕಾಲಕ್ಕೂ ಬಂದಿತು. 1840 ಎಂಬ ಅಂಕೆ 1862ರವರೆಗೆ ನಡೆಯಿತು. 1862 ಎಂಬುದು 1874ರವರೆಗೆ. ಹನ್ನೆರಡು ವರ್ಷಗಳ ನಾಣ್ಯರಾಶಿಯೆಲ್ಲ ಒಂದೇ ಜನ್ಮವರ್ಷವನ್ನು ಹೇಳಿಕೊಳ್ಳುತ್ತದೆ! ಆದುದರಿಂದ ಈ ರೂಪಾಯಿ ಅಪರೂಪವಲ್ಲ.

ಆದರೆ ಮುಂಬಯಿಯ ಟಂಕಸಾಲೆಯವರು ತಮ್ಮ ಗುರುತಿಗಾಗಿ ಆ ಅಂಕೆಯ ಸಮೀಪದಲ್ಲಿ ಸಣ್ಣ ಚುಕ್ಕೆಗಳನ್ನಿಡುತ್ತಿದ್ದರು. ನಿಜವಾದ ವರ್ಷ ಅವುಗಳಲ್ಲಿದೆ. ಚುಕ್ಕೆಗಳ ಕೆಲವು ಬಗೆಗಳು ವಿರಳವಾದುವು. ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಕೊಟ್ಟು ಅವನ್ನು ಕೊಳ್ಳುವುದುಂಟು. ಸಾಸುವೆಗಿಂತ ಕಿರಿದಾದ ಈ ಚುಕ್ಕೆಗಳ ಮೇಲೆಯೇ ಆ ತಾಯಿಯ ಆಸೆಯೆಲ್ಲ ನಿಂತಿದ್ದಿತು.

ಕನ್ನಡಿಯ ಬಿಲ್ಲೆಯನ್ನು ಹಿಡಿದು ನೋಡಿದೆನು. ಕೈಯಿಂದ ಕೈಗೆ ನಡೆದ ನಾಣ್ಯದಲ್ಲಿ ಮೊದಲು ಸವೆಯುವುದು ಉಬ್ಬಿದ ಭಾಗ: ರಾಣಿಯ ಕೆನ್ನೆ, ಕಿವಿಯ ಮೇಲಣ ಕೂದಲು. ತಗ್ಗುಗಳಲ್ಲಿ ಬೂದುಬಣ್ಣದ ಮಬ್ಬು ಉಳಿದಿರುತ್ತದೆ. ಅಂತಹ ಸವೆತ ನಾಣ್ಯಕ್ಕೆ ಸಹಜವಾದ ಮುಪ್ಪು, ಅದನ್ನು ಬಲ್ಲವರು ದೂಷಿಸುವುದಿಲ್ಲ. ಇಲ್ಲಿಯಾದರೋ ತಗ್ಗೂ ಉಬ್ಬೂ ಒಂದೇ ಸಮನಾಗಿ ಥಳಥಳಿಸುತ್ತಿದ್ದುವು. ಮೈಮೇಲೆಲ್ಲ ಕೂದಲಿನಷ್ಟು ಸಣ್ಣ ಗೀರುಗಳು. ಕೇಳಿದೆನು. ವರ್ಷವರ್ಷವೂ ವರಮಹಾಲಕ್ಷ್ಮಿಯ ಹಬ್ಬಕ್ಕೆ ವಿಭೂತಿಯಲ್ಲಿ ಉಜ್ಜುವುದು ಅವರ ಅತ್ತೆಯ ಕಾಲದಿಂದ ಬಂದ ಕ್ರಮವಂತೆ. ಚುಕ್ಕೆಗಳಿರಬೇಕಾದ ಸ್ಥಳ ನುಣುಪಾಗಿದ್ದಿತು. ಒಂದು ಚುಕ್ಕೆ ಇದ್ದಂತೆ ತೋರಿತು, ಬೆಳಕನ್ನು ತಿರುಗಿಸಿದರೆ ಅದೂ ಇಲ್ಲ.

ಬಳಿಕ ತೂಗಿದೆನು. ಹೊಸ ರೂಪಾಯಿಯ ತೂಕ 180 ಗ್ರೇನು, ಅಂದರೆ ಒಂದು ತೊಲ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ನೂರಕ್ಕೆ 2ರಷ್ಟಕ್ಕಿಂತ ಹೆಚ್ಚಾಗಿ ತೂಕ ಕಳೆದ ರೂಪಾಯಿಗೆ ಪೂರ್ಣ ಮೌಲ್ಯದ ಚಲಾವಣೆಯಿಲ್ಲವೆಂದು 1906ರ ನಾಣ್ಯ ಶಾಸನ. ಎಂದರೆ 176.4 ಗ್ರೇನಿನ ಕೆಳಗೆ ಬಂದರೆ ಅದು ತನ್ನ ಕಾಲದಲ್ಲಿಯೇ ಸೋತ ನಾಣ್ಯ. ಇದು 173 ತೂಗಿತು. (ಪದಕ ಮಾಡಲು ಬಳೆ ಬೆಸೆದ ರೂಪಾಯಿಗಳಲ್ಲಿ ಬೆಸುಗೆಯೇ ತೂಕ ಕೂಡಿ ಮೋಸಗೊಳಿಸುವುದುಂಟು, ಅಂಚನ್ನೂ ತಡವಿ ನೋಡಬೇಕು.) ಉಳಿದ ಬೆಳ್ಳಿ 158 ಗ್ರೇನಿಗಿಂತ ತುಸು ಹೆಚ್ಚು. ಕೊಳ್ಳುವವನು ಕೊಡುವುದು ಅಷ್ಟಕ್ಕೇ.

ಇದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ. ಅವರು ಬೇಸರಗೊಳ್ಳಲಿಲ್ಲ, "ಹಾಗಾದರೆ ನಾವು ಉಜ್ಜಿದ್ದೇ ತಪ್ಪೆ?" ಎಂದು ಮಾತ್ರ ಕೇಳಿದರು. ಮಾರುವವರಿಗೆ ತಪ್ಪು, ಪೂಜಿಸುವವರಿಗೆ ಅಲ್ಲ, ಎಂದೆನು. ರೂಪಾಯಿಯನ್ನು ಮತ್ತೆ ಚಿಂದಿಯಲ್ಲಿ ಸುತ್ತಿಕೊಂಡು, ಶುಲ್ಕಕ್ಕೆ ಬೇರೆ ದಾರಿ ನೋಡುವುದಾಗಿ ಹೇಳಿ ಹೊರಟರು.