ಕಾಫಿಗೃಹವೂ ಕಚೇರಿಯೂ

ನಮ್ಮ ಅಣ್ಣನಿಗೂ ಅವನ ಮಗಳಿಗೂ ಕಳೆದೊಂದು ವರ್ಷದಿಂದ ನಡೆದಿರುವ ವಾಗ್ವಾದವೇ ಈ ಲೇಖನಕ್ಕೆ ಕಾರಣ. ಅಣ್ಣ ಡೊಂಬಿವಲಿಯಲ್ಲಿ ಒಂದು ಸಣ್ಣ ಉಪಾಹಾರಗೃಹದ ಪಾಲುದಾರ. ಬೆಳಗಿನ ಆರು ಗಂಟೆಗೆ ಗಲ್ಲಾದ ಮೇಲೆ ಕುಳಿತರೆ ರಾತ್ರಿ ಹತ್ತಕ್ಕೆ ಏಳುವವನು. ಮಗಳು ಬೆಂಗಳೂರಿನ ಒಂದು ಕಂಪೆನಿಯ ನೌಕರಳು. ಆದರೆ ಆಕೆ ಇರುವುದು ಬೆಂಗಳೂರಿನಲ್ಲಲ್ಲ, ಇಲ್ಲಿಯೇ. ವಾರದಲ್ಲಿ ಐದು ದಿನ ಹೆಗಲಿಗೆ ಚೀಲ ಹಾಕಿಕೊಂಡು, ರೈಲ್ವೆ ಸ್ಟೇಷನ್ನಿನ ಆಚೆಗಿರುವ ಒಂದು ಕೆಫೆಗೆ ಹೋಗಿ, ಲ್ಯಾಪ್‌ಟಾಪು ಬಿಚ್ಚಿ, ಒಂದು ಲೋಟ ಕಾಫಿಯನ್ನು ಮುಂದಿಟ್ಟುಕೊಂಡು ಸಂಜೆಯವರೆಗೆ ಕೆಲಸ ಮಾಡುತ್ತಾಳೆ.

"ಮನೆಯಲ್ಲಿ ಎಲ್ಲಿ ಕೂರಲಿ ಅಪ್ಪಯ್ಯ? ಒಂದು ಕಡೆ ಅಜ್ಜಿಯ ಧಾರಾವಾಹಿ, ಇನ್ನೊಂದು ಕಡೆ ತಮ್ಮನ ಪಾಠ, ನಡುವೆ ಕುಕ್ಕರಿನ ಸೀಟಿ. ಸಾಹೇಬರು ಫೋನಿನಲ್ಲಿ ಮಾತಾಡುವಾಗ ನಮ್ಮ ಮನೆಯ ಪಲ್ಯ ಏನೆಂದು ಬೆಂಗಳೂರಿಗೆಲ್ಲ ಗೊತ್ತಾಗುತ್ತದೆ" ಎಂದು ಅವಳ ವಾದ.

"ಒಂದು ಲೋಟ ಕಾಫಿ ಕುಡಿದು ಮೂರು ತಾಸು ಮೇಜು ಹಿಡಿದು ಕೂರುವುದು ಯಾವ ನ್ಯಾಯ? ನನ್ನ ಹೋಟೆಲಿನಲ್ಲಿ ನಾಲ್ಕು ಜನ ಹಾಗೆ ಕೂತರೆ ತಿಂಗಳೊಪ್ಪತ್ತಿನಲ್ಲಿ ನಾನು ಬಾಗಿಲು ಹಾಕಬೇಕು. ಅಲ್ಲದೆ ಹೆಣ್ಣುಮಗಳು ದಿನವಿಡೀ ಹೋಟೆಲಿನಲ್ಲಿ ಕೂತಿದ್ದರೆ ನೋಡಿದವರು ಏನೆಂದಾರು?" ಎಂದು ಅಣ್ಣನ ವಾದ.

"ಚಿಕ್ಕಪ್ಪ ಓದಿದವರು, ಅವರೇ ಹೇಳಲಿ" ಎಂದು ಹುಡುಗಿ ನಮ್ಮನ್ನು ಎಳೆದಳು. ನಾವಾದರೋ ಬ್ಯಾಂಕಿನ ಗುಮಾಸ್ತರು. 2020ನೆಯ ಇಸವಿಯ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ ಮನೆಯನ್ನೇ ಕಚೇರಿ ಮಾಡಿಕೊಂಡಾಗಲೂ ನಾವು ಮೂಗಿಗೆ ಬಟ್ಟೆ ಕಟ್ಟಿಕೊಂಡು ಶಾಖೆಗೆ ಹೋಗಿ ನೋಟು ಎಣಿಸಿದವರು. ನಗದು ಪೆಟ್ಟಿಗೆಯನ್ನು ಕೆಫೆಗೆ ಹೊತ್ತೊಯ್ಯುವಂತಿಲ್ಲವಷ್ಟೆ. ಆದಕಾರಣ ಈ ಹೊಸ ಪದ್ಧತಿಯ ಮೇಲೆ ನಮಗೂ ಒಳಗೊಳಗೆ ಸ್ವಲ್ಪ ಅಸೂಯೆ ಇದ್ದಿತೆಂದು ಒಪ್ಪಿಕೊಳ್ಳುತ್ತೇವೆ. ತೀರ್ಪು ಕೊಡುವ ಮೊದಲು ಹಳೆಯ ಪುಸ್ತಕಗಳನ್ನು ತಿರುವಿ ನೋಡೋಣವೆಂದು ಹೊರಟೆವು. ನೋಡಿದರೆ, ಹುಡುಗಿ ಮಾಡುತ್ತಿರುವುದು ಹೊಸದೇ ಅಲ್ಲ! ನಾವು ಕುಳಿತಿರುವ ಬ್ಯಾಂಕು, ವಿಮೆ, ಷೇರು ಪೇಟೆಗಳೇ ಒಂದು ಕಾಲದಲ್ಲಿ ಕಾಫಿಯ ಮೇಜಿನ ಮೇಲೆ ಆಡಿ ಬೆಳೆದ ಮಕ್ಕಳು.

ಕಾಫಿ ಯೆಮೆನ್ ದೇಶದಿಂದ ಹೊರಟು ಹದಿನಾರನೆಯ ಶತಮಾನದ ನಡುವಿನ ಹೊತ್ತಿಗೆ ಇಸ್ತಾಂಬುಲನ್ನು ತಲುಪಿತ್ತು. ಲಂಡನ್ನಿನಲ್ಲಿ ಮೊದಲ ಕಾಫಿ ಅಂಗಡಿ ತೆರೆದದ್ದು 1652ರಲ್ಲಿ, ಕಾರ್ನ್‌ಹಿಲ್ ಬಳಿಯ ಒಂದು ಓಣಿಯಲ್ಲಿ. ತೆರೆದವನು ಪಾಸ್ಕ್ವಾ ರೊಸೇ ಎಂಬ ಪರದೇಶಿ. ಮುಂದಿನ ಒಂದೆರಡು ದಶಕಗಳಲ್ಲಿ ಇಂಥ ಅಂಗಡಿಗಳು ಊರ ತುಂಬ ಹಬ್ಬಿದವು. ಬಾಗಿಲಲ್ಲಿ ಒಂದು ಪೆನ್ನಿ ಕೊಟ್ಟರೆ ಸಾಕು; ಕಾಫಿ, ವೃತ್ತಪತ್ರಿಕೆ, ಬೆಂಕಿಯ ಕಾವು, ಊರ ಸುದ್ದಿ ಎಲ್ಲವೂ ದೊರೆಯುತ್ತಿದ್ದವು. ಅದಕ್ಕಾಗಿಯೇ ಇವನ್ನು 'ಪೆನ್ನಿ ವಿಶ್ವವಿದ್ಯಾಲಯ'ಗಳೆಂದು ಕರೆಯುವುದುಂಟು. ಜನ ಕೂಡಿ ಮಾತಾಡುವುದನ್ನು ಕಂಡು ಅರಸನಿಗೆ ದಿಗಿಲಾಯಿತು. ಎರಡನೆಯ ಚಾರ್ಲ್ಸ್ ದೊರೆ 1675ರ ಡಿಸೆಂಬರಿನಲ್ಲಿ ಕಾಫಿಗೃಹಗಳನ್ನೆಲ್ಲ ಮುಚ್ಚಬೇಕೆಂದು ಫರ್ಮಾನು ಹೊರಡಿಸಿದ. ಊರು ಗದ್ದಲವೆಬ್ಬಿಸಿತು, ಕೆಲವೇ ದಿನಗಳಲ್ಲಿ, 1676ರ ಜನವರಿಯಲ್ಲಿ, ಅದನ್ನು ಹಿಂದೆಗೆದುಕೊಂಡ.

ಅಲ್ಲಿ ಕುಳಿತವರೆಲ್ಲ ಹರಟೆಮಲ್ಲರೇ ಆಗಿದ್ದರೆ ಈ ಕಥೆಯನ್ನು ನಾವು ಬರೆಯುತ್ತಿರಲಿಲ್ಲ. ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿಗೃಹ 1680ರ ದಶಕದ ಕೊನೆಗೆ ಟವರ್ ಬೀದಿಯಲ್ಲಿದ್ದಿತು. 1691ರಲ್ಲಿ ಲೊಂಬಾರ್ಡ್ ಬೀದಿಗೆ ಬಂದಿತು. ಹಡಗಿನ ಯಜಮಾನರು, ಕಪ್ತಾನರು, ಸರಕಿನ ವ್ಯಾಪಾರಿಗಳು ಅಲ್ಲಿ ಸೇರುತ್ತಿದ್ದರು. ಲಾಯ್ಡ್ ಬುದ್ಧಿವಂತ. ಯಾವ ಹಡಗು ಬಂದಿತು, ಯಾವುದು ಮುಳುಗಿತು ಎಂಬ ಸುದ್ದಿಯನ್ನು ಸಂಗ್ರಹಿಸಿ ಗಿರಾಕಿಗಳಿಗೆ ಒದಗಿಸಿದ. 1696ರಲ್ಲಿ ಒಂದು ಸುದ್ದಿಪತ್ರವನ್ನೂ ಸ್ವಲ್ಪಕಾಲ ನಡೆಸಿದ. ಹಡಗಿಗೆ ವಿಮೆ ಬೇಕಾದವನು ಒಂದು ಕಾಗದ ಹಿಡಿದು ಮೇಜಿನಿಂದ ಮೇಜಿಗೆ ಹೋಗುವನು. ನಷ್ಟದಲ್ಲಿ ಪಾಲು ಹೊರಲು ಒಪ್ಪಿದವರು ಆ ಕಾಗದದ ಕೆಳಗೆ ಒಬ್ಬರ ಕೆಳಗೊಬ್ಬರು ಸಹಿ ಹಾಕುವರು. ವಿಮೆಗಾರನಿಗೆ ಇಂಗ್ಲಿಷಿನಲ್ಲಿ 'ಕೆಳಗೆ ಬರೆಯುವವನು' ಎಂಬರ್ಥದ ಹೆಸರಿರುವುದು ನಮ್ಮ ವಾಚಕರಲ್ಲಿ ವಿಮಾ ಏಜೆಂಟರಾದವರಿಗೆ ಗೊತ್ತೇ ಇದೆ. ಲಾಯ್ಡ್ 1713ರಲ್ಲಿ ತೀರಿಕೊಂಡ. ವಿಮೆಗಾರರು 1769ರಲ್ಲಿ ಬೇರೆ ಕಾಫಿಗೃಹ ಮಾಡಿಕೊಂಡು, 1774ರಲ್ಲಿ ರಾಯಲ್ ಎಕ್ಸ್‌ಚೇಂಜಿನ ಮಹಡಿಗೆ ಹೋದರು. ಕಾಫಿ ಹೋಗಿ ಎಷ್ಟೋ ಕಾಲವಾಯಿತು. ಆದರೂ ಇಂದಿಗೂ ಲಾಯ್ಡ್ಸ್ ವಿಮಾಪೇಟೆಯ ಸಮವಸ್ತ್ರದ ಪರಿಚಾರಕರಿಗೆ 'ವೇಟರ್' ಎಂದೇ ಹೆಸರು. ಇದನ್ನು ಹೇಳಿದಾಗ ಅಣ್ಣ ಮೊದಲ ಸಲ ಕಿವಿಗೊಟ್ಟ.

ಕಹಿಯನ್ನೂ ಹೇಳಬೇಕು. ಆ ಮೇಜುಗಳ ಮೇಲೆ ವಿಮೆಯಾದ ಹಡಗುಗಳಲ್ಲಿ ಗುಲಾಮರನ್ನು ತುಂಬಿಕೊಂಡು ಹೋದವೂ ಇದ್ದವು. ಲಾಯ್ಡ್ಸ್ ಸಂಸ್ಥೆ ಅದಕ್ಕಾಗಿ ಕ್ಷಮೆ ಬೇಡಿದ್ದು 2020ರ ಜೂನಿನಲ್ಲಿ.

ಷೇರು ದಲ್ಲಾಳಿಗಳದು ಇನ್ನೊಂದು ಕಥೆ. ಇವರ ಗಲಾಟೆಯನ್ನು ತಾಳಲಾರದೆ ರಾಯಲ್ ಎಕ್ಸ್‌ಚೇಂಜಿನಿಂದ 1698ರಲ್ಲಿ ಹೊರಹಾಕಲಾಗಿ, ಹತ್ತಿರದ ಎಕ್ಸ್‌ಚೇಂಜ್ ಓಣಿಯಲ್ಲಿದ್ದ ಜೊನಾಥನನ ಕಾಫಿಗೃಹಕ್ಕೆ ಬಂದು ನೆಲೆಸಿದರು. ಅದೇ ವರ್ಷ ಜಾನ್ ಕ್ಯಾಸ್ಟೇಂಗ್ ಎಂಬ ದಲ್ಲಾಳಿ ಅಲ್ಲಿಂದ ಷೇರು ಮತ್ತು ಸರಕುಗಳ ಧಾರಣೆಯ ಪಟ್ಟಿಯನ್ನು ಹೊರಡಿಸತೊಡಗಿದ. ಇಂದು ಮೊಬೈಲಿನಲ್ಲಿ ಸೂಚ್ಯಂಕ ನೋಡಿ ನಿಟ್ಟುಸಿರು ಬಿಡುವ ನಮ್ಮ ಮಿತ್ರರು ಅವನನ್ನು ಕುಲಪುರುಷನೆಂದು ನೆನೆಯಬಹುದು.

ಬ್ಯಾಂಕಿನವರು ಹಿಂದುಳಿದರೇ? ಇಲ್ಲ. ಲಂಡನ್ನಿನ ಬ್ಯಾಂಕುಗಳ ಗುಮಾಸ್ತರು ಚೆಕ್ಕುಗಳ ಕಟ್ಟು ಹಿಡಿದು ದಿನವೂ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆದು ಹಣ ತರಬೇಕಾಗಿತ್ತು. 1770ರ ಸುಮಾರಿಗೆ ಈ ಬಡಪಾಯಿಗಳು ಲೊಂಬಾರ್ಡ್ ಬೀದಿಯ ಬಳಿ 'ಫೈವ್ ಬೆಲ್ಸ್' ಎಂಬ ಪಾನಗೃಹದಲ್ಲಿ ಕಲೆತು, ನಿಮ್ಮ ಚೆಕ್ಕು ನಮಗೆ, ನಮ್ಮದು ನಿಮಗೆ ಎಂದು ಅಲ್ಲಿಯೇ ಅದಲುಬದಲು ಮಾಡಿ, ಉಳಿದ ವ್ಯತ್ಯಾಸವನ್ನಷ್ಟೇ ನಗದಾಗಿ ತೀರಿಸುವ ಉಪಾಯ ಕಂಡುಕೊಂಡರು. ಕ್ಲಿಯರಿಂಗ್ ಎಂದು ನಾವು ಮೆರೆಯುವ ಮಹಾವ್ಯವಸ್ಥೆಯ ಮೂಲ, ಕಾಲುನೋವಿಗೆ ಬೇಸತ್ತ ಗುಮಾಸ್ತರ ಈ ಜಾಣತನ! ಇದು ಕಾಫಿಗೃಹವಲ್ಲ, ಪಾನಗೃಹ. ನಮ್ಮ ಪ್ರಮೇಯಕ್ಕೆ ತುಸು ಅಡ್ಡಿಯಾದರೂ ಸ್ವಜಾತಿಯ ಅಭಿಮಾನದಿಂದ ಸೇರಿಸಿದ್ದೇವೆ.

ಇಷ್ಟೆಲ್ಲದರಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದವನು ಮಾತ್ರ ವ್ಯಾಪಾರಿಯಲ್ಲ. ಅಬ್ರಹಾಂ ದ ಮುವಾವ್ರ್ ಎಂಬ ಗಣಿತಜ್ಞ. ಫ್ರಾನ್ಸಿನಲ್ಲಿ 1667ರಲ್ಲಿ ಹುಟ್ಟಿದವನು. 1685ರಲ್ಲಿ ಅಲ್ಲಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆ ರದ್ದಾದ ತರುವಾಯ ಊರು ಬಿಟ್ಟು ಲಂಡನ್ನಿಗೆ ಬಂದ. ನ್ಯೂಟನ್ನನ ಸ್ನೇಹವಿದ್ದಿತು, 1697ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ದೊರೆಯಿತು. ಆದರೆ ಪರದೇಶಿಯಾದ ಅವನಿಗೆ ಯಾವ ವಿಶ್ವವಿದ್ಯಾಲಯವೂ ಕುರ್ಚಿ ಕೊಡಲಿಲ್ಲ. ಮನೆಮನೆಗೆ ಹೋಗಿ ಪಾಠ ಹೇಳಿ, ಉಳಿದ ಹೊತ್ತು ಸೇಂಟ್ ಮಾರ್ಟಿನ್ಸ್ ಲೇನಿನ ಸ್ಲಾಟರನ ಕಾಫಿಗೃಹದಲ್ಲಿ ಕುಳಿತಿರುತ್ತಿದ್ದ. ಜೂಜುಗಾರರು, ವರ್ಷಾಶನದ ವ್ಯಾಪಾರಿಗಳು ಅಲ್ಲಿಗೇ ಬಂದು ಲೆಕ್ಕ ಕೇಳುವರು. ಇವನು ಬಿಡಿಸಿಕೊಟ್ಟು ನಾಲ್ಕು ಕಾಸು ಪಡೆಯುವನು. 1718ರಲ್ಲಿ ಸಂಭವದ ಗಣಿತವನ್ನು ಕುರಿತೂ 1725ರಲ್ಲಿ ಜೀವಮಾನದ ವರ್ಷಾಶನಗಳನ್ನು ಕುರಿತೂ ಪುಸ್ತಕ ಬರೆದ. ಬಿ.ಕಾಂ. ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ನಿದ್ದೆಗೆಡಿಸಿದ ಆ ಗಂಟೆಯಾಕಾರದ ವಕ್ರರೇಖೆಯನ್ನು 1733ರಲ್ಲಿ ಮೊದಲು ಕಂಡವನೂ ಇವನೇ. 1754ರಲ್ಲಿ, 87ನೆಯ ವಯಸ್ಸಿನಲ್ಲಿ, ಬಡವನಾಗಿಯೇ ಸತ್ತ. ಊರು ಬಿಟ್ಟು ಬಂದವನಿಗೆ ಕಚೇರಿ ಸಿಗದಿದ್ದರೂ ಒಂದು ಮೇಜು ಸಿಕ್ಕಿತು. ಹೊರನಾಡಿನಲ್ಲಿರುವ ನಮಗೆ ಇದು ಎಲ್ಲೋ ತಾಗುತ್ತದೆ.

ಆ ಮೇಜು ಎಷ್ಟು ದಿನ ಎಲ್ಲರದಾಗಿ ಉಳಿಯಿತು? 1761ರಲ್ಲಿ ಸುಮಾರು 150 ದಲ್ಲಾಳಿಗಳು ಕೂಡಿ ಜೊನಾಥನನ ಕಾಫಿಗೃಹ ತಮಗಷ್ಟೇ ಮೀಸಲಾಗಬೇಕೆಂದು ಒಪ್ಪಂದ ಮಾಡಿಕೊಂಡರು. ಹೊರಗಟ್ಟಲ್ಪಟ್ಟ ಒಬ್ಬ ದಲ್ಲಾಳಿ ನ್ಯಾಯಾಲಯಕ್ಕೆ ಹೋಗಿ ಗೆದ್ದ. ಅದು ಸಾರ್ವಜನಿಕ ಸ್ಥಳವೆಂದು ತೀರ್ಪಾಯಿತು. ಗೆದ್ದೂ ಪ್ರಯೋಜನವಾಗಲಿಲ್ಲ. ದಲ್ಲಾಳಿಗಳು 1773ರಲ್ಲಿ ಬೇರೆ ಕಟ್ಟಡ ಹಿಡಿದು, ಅದಕ್ಕೆ ಸ್ಟಾಕ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟು, ದಿನಕ್ಕೆ ಆರು ಪೆನ್ನಿ ಪ್ರವೇಶಶುಲ್ಕ ವಿಧಿಸಿದರು. 1801ರಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶವೆಂದಾಯಿತು. ಒಂದು ಪೆನ್ನಿಯಿಂದ ಆರು ಪೆನ್ನಿಗೆ, ಅಲ್ಲಿಂದ ಮುಚ್ಚಿದ ಬಾಗಿಲಿಗೆ. ಹೆಂಗಸರಿಗಂತೂ ಆ ಪೆನ್ನಿಯ ಕಾಲದಲ್ಲಿಯೂ ಗಿರಾಕಿಗಳಾಗಿ ಅಲ್ಲಿ ಸ್ಥಳವಿದ್ದದ್ದು ಕಡಮೆ. ಅಂಗಡಿ ನಡೆಸಿದ ಹೆಂಗಸರಿದ್ದರು, ಕುಳಿತವರು ಗಂಡಸರು. ಈ ಮಾತನ್ನು ಹುಡುಗಿ ಚೀಟಿಯಲ್ಲಿ ಬರೆದಿಟ್ಟುಕೊಂಡಳು.

ಇನ್ನು ನಮ್ಮ ಕಡೆಗೆ ಬರೋಣ. ಮುಂಬಯಿಯ ಷೇರು ದಲ್ಲಾಳಿಗಳಿಗೆ ಕಾಫಿಗೃಹವಿರಲಿಲ್ಲ. 1850ರ ದಶಕದಲ್ಲಿ ಟೌನ್ ಹಾಲಿನ ಎದುರಿನ ಆಲದ ಮರದ ಅಡಿಯಲ್ಲಿ ವ್ಯವಹಾರ. ಅವರ ಸಂಘ ಹುಟ್ಟಿದ್ದು 1875ರಲ್ಲಿ. ಕಾಫಿಯಾದರೋ ನಮ್ಮದೇ. ಬಾಬಾ ಬುಡನ್ ಎಂಬ ಸಂತರು ಮೋಖಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ತಿಳಿಯದ ಕನ್ನಡಿಗನಿಲ್ಲ. ಇಂದಿಗೂ ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು. ಆ ಕಾಫಿಗೆ ಗಿರಾಕಿಗಳನ್ನು ಹುಡುಕಲೆಂದು 1936ರಲ್ಲಿ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಐವತ್ತರ ದಶಕದಲ್ಲಿ ಕಾಫಿ ಮಂಡಳಿ ಇವನ್ನು ಮುಚ್ಚಹೊರಟಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ನರ ಮುಂದಾಳುತನದಲ್ಲಿ ಸಹಕಾರ ಸಂಘಗಳನ್ನು ಕಟ್ಟಿ ತಾವೇ ನಡೆಸಿದರು. ಮೊದಲನೆಯ ಸಂಘ ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಅಲ್ಲಿ ಒಂದು ಬಟ್ಟಲು ಕಾಫಿಗೆ ಗಂಟೆಗಟ್ಟಲೆ ಕುಳಿತು ಬರೆದವರು, ಪತ್ರಿಕೆ ನಡೆಸಿದವರು, ಪಕ್ಷ ಕಟ್ಟಿದವರು ಉಂಟು.

ನಮ್ಮ ಉಡುಪಿ ಹೋಟೆಲುಗಳ ಧರ್ಮವೇ ಬೇರೆ. ಬಿಲ್ಲು ಮೇಜಿಗೆ ಬಂದಿತೆಂದರೆ ಎದ್ದು ಹೋಗಿ ಎಂದರ್ಥ. ಬೆನ್ನ ಹಿಂದೆ ಇನ್ನೊಬ್ಬ ಕಾದಿರುತ್ತಾನೆ. ದರ ಕಡಮೆ, ಮೇಜು ಬೇಗಬೇಗ ತಿರುಗಿದರೇನೇ ಗಿಟ್ಟುವುದು. ಆದರೆ ಅಲ್ಲಿಯೂ ಒಂದು ವರ್ಗಕ್ಕೆ ಮೇಜು ದೊರೆಯುತ್ತಿದ್ದಿತು, ಬಾಗಿಲು ಹಾಕಿದ ಮೇಲೆ. ನಮ್ಮ ತಂದೆಯವರು 1961ರಲ್ಲಿ 12 ವರ್ಷದ ಹುಡುಗನಾಗಿ ಕುಂದಾಪುರದ ಕಡೆಯಿಂದ ಬಂದು ಕೋಟೆ ವಿಭಾಗದ ಹೋಟೆಲೊಂದರಲ್ಲಿ ಕ್ಲೀನರ್ ಆದರು. ಸಂಜೆ ಕನ್ನಡ ರಾತ್ರಿಶಾಲೆ. ಮರಳಿ ಬಂದು ಮೇಜುಗಳನ್ನು ಒರೆಸಿ, ಒಂದರ ಮೇಲೆ ಪುಸ್ತಕ, ಎರಡನ್ನು ಜೋಡಿಸಿದರೆ ಹಾಸಿಗೆ. ಶಾಲೆಗೆ ಬಿಡದ ಯಜಮಾನರೂ ಇದ್ದರು. ತಂದೆಯವರ ಯಜಮಾನರು ಬಿಟ್ಟರು. ಹನ್ನೊಂದನೆಯ ತರಗತಿ ಮುಗಿಸಿ ಬ್ಯಾಂಕಿನ ಜವಾನರಾದರು. ಮುಂಬಯಿಯ ಎಷ್ಟು ಕನ್ನಡ ಮನೆಗಳಲ್ಲಿ ಇದೇ ಕಥೆಯಿಲ್ಲ?

ಮುಂದೆ 1996ರ ಜುಲೈಯಲ್ಲಿ ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮನೆತನದ ವಿ. ಜಿ. ಸಿದ್ಧಾರ್ಥರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಕಾಫಿಯೊಂದಿಗೆ ಅಂತರ್ಜಾಲ! ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ಕಾಫಿಯ ಮೇಜನ್ನು ದೂರದ ಕಚೇರಿಗೆ ತಂತಿಯಿಂದ ಕಟ್ಟಿದ್ದು ಹೀಗೆ, ಕನ್ನಡ ನೆಲದಲ್ಲಿ. ಅವರು 2019ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಮರುವರ್ಷವೇ ದೇಶ ಮನೆಯಿಂದ ಕೆಲಸ ಮಾಡಲು ಕಲಿಯಿತು.

ಈಗ ಲೆಕ್ಕ. ಹುಡುಗಿ ಕುಡಿಯುವ ಕಾಫಿಗೆ 260 ರೂಪಾಯಿ. ತಿಂಗಳಿಗೆ 22 ದಿನವೆಂದರೆ 5,720. "ಕಾಫಿಗೆ ಇಷ್ಟು ಹಣವೇ!" ಎಂದು ಅಣ್ಣ ಹೌಹಾರಿದ. ಅದು ಕಾಫಿಯ ಹಣವಲ್ಲ, ಕುರ್ಚಿಯ ಬಾಡಿಗೆ ಎಂದೆವು. ಆ ಕೆಫೆಯವನು ಮಾರುವುದೇ ಮೇಜನ್ನು. ಕಾಫಿ ಅದರ ರಸೀದಿ. ಆದಕಾರಣ ಹುಡುಗಿ ಯಾರ ಗಂಟನ್ನೂ ನುಂಗುತ್ತಿಲ್ಲ. ಆದರೆ ಕುರ್ಚಿ, ವಿದ್ಯುತ್ತು, ದೀಪ, ಗಾಳಿ ಇವುಗಳ ಖರ್ಚು ಹಿಂದೆ ಕಂಪೆನಿಯ ಪುಸ್ತಕದಲ್ಲಿದ್ದದ್ದು ಈಗ ನೌಕರಳ ಕೈಚೀಲಕ್ಕೆ ದಾಟಿದೆ. ಇದನ್ನು ಅವಳ ಸಾಹೇಬರು ಯಾವ ಖಾತೆಯಲ್ಲಿ ಬರೆಯುತ್ತಾರೆಂದು ಕೇಳಿದಾಗ ಹುಡುಗಿಯೂ ಸುಮ್ಮನಾದಳು. ನಮ್ಮ ತೀರ್ಪು ಇಬ್ಬರಿಗೂ ಪೂರ್ತಿ ರುಚಿಸಲಿಲ್ಲ.

ಕಳೆದ ತಿಂಗಳು ಅಣ್ಣ ಒಂದು ಮಧ್ಯಾಹ್ನ ಗಲ್ಲಾವನ್ನು ಪಾಲುದಾರನಿಗೆ ಒಪ್ಪಿಸಿ ಆ ಕೆಫೆಗೆ ತಾನೇ ಹೋದನಂತೆ. ಮಗಳ ಎದುರು ಕುಳಿತು ಒಂದು ತಾಸು ಸುತ್ತಲೂ ಮೇಜುಗಳನ್ನು ಎಣಿಸಿದನಂತೆ. ಏಳುವಾಗ, ಅಭ್ಯಾಸಬಲದಿಂದ, ಖಾಲಿ ಲೋಟಗಳೆರಡನ್ನೂ ಎತ್ತಿಕೊಂಡು ಒಳಗಿನ ತೊಳೆಯುವ ಜಾಗಕ್ಕೆ ಹೊರಟುಬಿಟ್ಟನು. ಅಲ್ಲಿಯ ಹುಡುಗ ಓಡಿಬಂದು ಕೈಯಿಂದ ತೆಗೆದುಕೊಂಡ. ಆ ಹುಡುಗನಿಗೆ ಊರು ಯಾವುದೆಂದು ಅಣ್ಣ ಕೇಳಿದ. ಅಸ್ಸಾಮಿನವನಂತೆ. ರಾತ್ರಿ ಮಲಗುವುದೆಲ್ಲಿ, ಓದುತ್ತೀಯೋ ಇಲ್ಲವೋ ಎಂದು ತನಗೆ ಬರುವ ಹಿಂದಿಯಲ್ಲಿ ವಿಚಾರಿಸುತ್ತ ಇನ್ನೂ ಅರ್ಧ ತಾಸು ಅಲ್ಲಿಯೇ ನಿಂತಿದ್ದನೆಂದು ಮಗಳು ಹೇಳಿದಳು.