ಗಡಿ ದಾಟಿದ ವಾರಂಟು: ಸೊಲ್ಲಾಪುರ–ಅಕ್ಕಲಕೋಟೆ ಸೀಮೆಯ ಒಂದು ಕಾನೂನು ಚರಿತ್ರೆ

ಸೊಲ್ಲಾಪುರ ಸೀಮೆಯ ಗಡಿಯ ಚರಿತ್ರೆಯನ್ನು ನಮ್ಮ ವಿದ್ವಾಂಸರು ಸಾಮಾನ್ಯವಾಗಿ 1956ರಿಂದ ಆರಂಭಿಸುತ್ತಾರೆ. ಬಂಧನದ ವಾರಂಟನ್ನು ಹಿಡಿದು ನೋಡಿದರೆ ಆ ಚರಿತ್ರೆ ಇನ್ನೂ ಹಿಂದಕ್ಕೆ ಸರಿಯುತ್ತದೆ. ಸ್ವಾತಂತ್ರ್ಯಪೂರ್ವದಲ್ಲಿ ಸೊಲ್ಲಾಪುರ ಬ್ರಿಟಿಷ್ ಜಿಲ್ಲೆ, ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ, ಮರವಡೆ ಕಡೆಯ ಮಂಗಳವೇಡೆ ಸಾಂಗಲಿಯ ಪಟವರ್ಧನರದು, ಜತ್ತ ಡಫಳೆಯವರದು, ಪೂರ್ವಕ್ಕೆ ನಿಜಾಮನ ಕಲಬುರಗಿ. ಬೀಗತನ, ಸಂತೆ, ಜಾತ್ರೆಗಳು ಈ ಗೆರೆಗಳನ್ನು ಲೆಕ್ಕಿಸಲಿಲ್ಲ. ವಾರಂಟು ಲೆಕ್ಕಿಸಬೇಕಾಗಿತ್ತು.

1898ರ ದಂಡ ಪ್ರಕ್ರಿಯಾ ಸಂಹಿತೆಯಂತೆ ವಾರಂಟು ಬ್ರಿಟಿಷ್ ಇಂಡಿಯಾದ ಯಾವ ಭಾಗದಲ್ಲಿಯೂ ಜಾರಿಯಾಗಬಹುದಿತ್ತು. ಸಂಸ್ಥಾನಗಳ ನೆಲದಲ್ಲಿ ಅದಕ್ಕೆ ತಾನಾಗಿ ಬಲವಿರಲಿಲ್ಲ. ಈ ಮಿತಿಯ ಅತ್ಯುತ್ತಮ ಸಾಕ್ಷಿ ನಮ್ಮ ರೈಲುದಾರಿಗೆ ಹತ್ತಿಕೊಂಡೇ ಇದೆ. ಸೊಲ್ಲಾಪುರದಿಂದ ಕಲಬುರಗಿಗೆ ಸಾಗುವ ಮಾರ್ಗವನ್ನು ವಾಡಿಯಲ್ಲಿ ಕೂಡುತ್ತಿದ್ದುದು ನಿಜಾಮನ ರೈಲ್ವೆ. ಮಹಮ್ಮದ್ ಯೂಸುಫುದ್ದೀನ್ ಎಂಬ ನಿಜಾಮನ ಪ್ರಜೆಯನ್ನು ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಆ ರೈಲ್ವೆಯ ನೆಲದಲ್ಲಿ ಬಂಧಿಸಲಾಯಿತು. 1897ರಲ್ಲಿ ಪ್ರೀವಿ ಕೌನ್ಸಿಲ್ ಆ ಬಂಧನವನ್ನು ಕಾನೂನುಬಾಹಿರವೆಂದು ಸಾರಿತು. ನಿಜಾಮನು ಬಿಟ್ಟುಕೊಟ್ಟ ಅಧಿಕಾರ ರೈಲ್ವೆಯ ಆಡಳಿತಕ್ಕೆ ಸಂಬಂಧಿಸಿದ್ದು. ಸಿಮ್ಲಾದ ಲಂಚದ ಆರೋಪಕ್ಕೂ ಅದಕ್ಕೂ ಸಂಬಂಧವಿಲ್ಲವೆಂಬುದು ತೀರ್ಪಿನ ತಿರುಳು.

1903ರ ಹಸ್ತಾಂತರ ಕಾಯಿದೆ ಬೇರೊಂದು ದಾರಿ ತೆರೆಯಿತು. ಸಂಸ್ಥಾನದಲ್ಲಿ ಅಪರಾಧವೆಸಗಿ ಬ್ರಿಟಿಷ್ ಜಿಲ್ಲೆಗೆ ಬಂದವನಿಗಾಗಿ ಪೊಲಿಟಿಕಲ್ ಏಜಂಟರು ವಾರಂಟು ಹೊರಡಿಸಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಆದರೆ ಅಕ್ಕಲಕೋಟೆಗೆ ಬಹುಕಾಲ ಪೊಲಿಟಿಕಲ್ ಏಜಂಟರಾಗಿದ್ದವರು ಸೊಲ್ಲಾಪುರದ ಕಲೆಕ್ಟರರೇ, ಅಂದರೆ ಜಿಲ್ಲಾ ಮ್ಯಾಜಿಸ್ಟ್ರೇಟರೇ. ಕೇಳುವವನೂ ಕೊಡುವವನೂ ಒಬ್ಬನೇ ಆದ ಮೇಲೆ ಆರೋಪಿಗೆ ಗಡಿಯ ಆಸರೆ ಎಷ್ಟು ಉಳಿದೀತು? ಕಲಬುರಗಿಯ ಕಡೆಗೆ ಓಡಿದವನ ಸ್ಥಿತಿ ಬೇರೆ. ಅಲ್ಲಿ ನಡುವೆ ಹೈದರಾಬಾದಿನ ರೆಸಿಡೆಂಟರೂ ನಿಜಾಮನ ದರ್ಬಾರವೂ ಇದ್ದವು.

ತಪ್ಪಿಸಿಕೊಂಡವನಿಗಿಂತ ಹೆಚ್ಚು ನೋವುಂಡದ್ದು ಅವನ ಮನೆ. ವಾರಂಟು ಜಾರಿಯಾಗದೆ ಉಳಿದರೆ ಕನಿಷ್ಠ 30 ದಿನಗಳ ಗಡುವಿನ ಉದ್ಘೋಷಣೆಯನ್ನು ಊರಲ್ಲಿ ಬಹಿರಂಗವಾಗಿ ಓದಿ, ಮನೆಗೆ ಅಂಟಿಸಿ, ಆಸ್ತಿಯನ್ನು ಜಪ್ತಿ ಮಾಡುವ ಅಧಿಕಾರವನ್ನು ಸಂಹಿತೆ ನೀಡಿತ್ತು. ಕನ್ನಡವಾಡುವ ಹಳ್ಳಿಯಲ್ಲಿ ಅದನ್ನು ಯಾವ ಭಾಷೆಯಲ್ಲಿ ಓದಬೇಕೆಂಬುದಕ್ಕೆ ಕಾಯಿದೆ ಉತ್ತರಿಸಲಿಲ್ಲ.

1948ರಲ್ಲಿ ಅಕ್ಕಲಕೋಟೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951ರಲ್ಲಿ ಸಂಹಿತೆ ಹೈದರಾಬಾದಿಗೂ ವಿಸ್ತರಿಸಿತು. ವಾರಂಟಿಗೆ ಗಡಿ ಅಳಿಸಿತು. ಐದೇ ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ವಿಜಾಪುರ ಮತ್ತು ಕಲಬುರಗಿ ಮೈಸೂರಿಗೆ ಸೇರಿದವು; ಸೊಲ್ಲಾಪುರ ಮುಂಬಯಿಯಲ್ಲಿ ಉಳಿಯಿತು. ಈ ಬಾರಿ ಗಡಿ ನ್ಯಾಯಾಲಯದ ಭಾಷೆಯಲ್ಲಿ ಮರಳಿತು. (ಅಕ್ಕಲಕೋಟೆಯನ್ನು ಮೈಸೂರಿಗೆ ಸೇರಿಸಬೇಕೆಂದ 1967ರ ಮಹಾಜನ ವರದಿ ಜಾರಿಯಾಗದ ಕಥೆ ಎಲ್ಲರಿಗೂ ತಿಳಿದದ್ದೇ.)

ಭಾಷೆ ಇಲ್ಲಿ ಅಲಂಕಾರದ ಪ್ರಶ್ನೆಯಲ್ಲ. 1973ರ ಸಂಹಿತೆಯ ಪ್ರಕಾರ ಬಂಧಿಸಿದ ಸ್ಥಳಕ್ಕೆ ವಾರಂಟು ಹೊರಡಿಸಿದ ನ್ಯಾಯಾಲಯವು 30 ಕಿಲೋಮೀಟರಿನೊಳಗೆ ಇಲ್ಲದಿದ್ದರೆ, ಅಲ್ಲಿಯ ಅಧಿಕಾರಿಗಳಿಗಿಂತ ಹತ್ತಿರವೂ ಇಲ್ಲದಿದ್ದರೆ, ಬಂಧಿತನನ್ನು ಸ್ಥಳೀಯ ಅಧಿಕಾರಿಯ ಮುಂದೆ ಹಾಜರುಪಡಿಸಬೇಕು. ಕಲಬುರಗಿಯ ವಾರಂಟಿನ ಮೇಲೆ ಅಕ್ಕಲಕೋಟೆಯಲ್ಲಿ ಸಿಕ್ಕವನು ಮೊದಲು ನಿಲ್ಲುವುದು ಮರಾಠಿಯಲ್ಲಿ ನಡೆಯುವ ನ್ಯಾಯಾಲಯದಲ್ಲಿ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ವಾರಂಟಿನಲ್ಲಿರುವ ವ್ಯಕ್ತಿ ಈತನೇ ಎಂಬುದು. ತಂದೆಯ ಹೆಸರೂ ಅಡ್ಡಹೆಸರೂ ಎರಡು ಲಿಪಿಗಳಲ್ಲಿ ಎರಡು ಬಗೆಯಾಗಿ ದಾಖಲಾಗುವ ಸೀಮೆಯಲ್ಲಿ ಇದು ಸುಲಭದ ಪ್ರಶ್ನೆಯಲ್ಲ. ಜಾಮೀನನ್ನು ನಿರ್ಧರಿಸಲು ನೆರವಾಗುವಷ್ಟು ಮಾಹಿತಿ ಮತ್ತು ದಾಖಲೆಗಳನ್ನು ವಾರಂಟಿನೊಡನೆ ಕಳುಹಿಸಬೇಕೆಂದು 78(2)ನೆಯ ಕಲಮು ವಿಧಿಸಿತು. ಬಂದ ದಾಖಲೆ ಕನ್ನಡದಲ್ಲಿದ್ದು ಪೀಠದಲ್ಲಿರುವವರು ಕನ್ನಡ ಓದಲಾರದವರಾದರೆ, ಬಂಧಿತನ ಬಿಡುಗಡೆ ಒಬ್ಬ ಅನುವಾದಕನನ್ನು ಅವಲಂಬಿಸುತ್ತದೆ.

ಪ್ರತಿಬಂಧಕ ಸ್ಥಾನಬದ್ಧತೆಯ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿಯೇ ಕೊಡಬೇಕೆಂದು ಸುಪ್ರೀಂ ಕೋರ್ಟು 1962ರಲ್ಲಿ, ಹರಿಕಿಸನ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಮೊಕದ್ದಮೆಯಲ್ಲಿ ಹೇಳಿತ್ತು. ಆ ತತ್ತ್ವ ಅಂತರರಾಜ್ಯ ವಾರಂಟಿನ ಕಲಮುಗಳಿಗೆ ಅಕ್ಷರರೂಪದಲ್ಲಿ ಇಳಿಯಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 82ನೆಯ ಕಲಮು ಹೊಸದೊಂದನ್ನು ಸೇರಿಸಿದೆ: ಬಂಧನದ ಸುದ್ದಿಯನ್ನು ಬಂಧಿತನು ವಾಸಿಸುವ ಜಿಲ್ಲೆಯ ಗೊತ್ತುಪಡಿಸಿದ ಅಧಿಕಾರಿಗೂ ಕೂಡಲೇ ತಿಳಿಸಬೇಕು. ಸುದ್ದಿ ಯಾವ ಭಾಷೆಯಲ್ಲಿರಬೇಕೆಂದು ಆ ಕಲಮಿನಲ್ಲಿ ಹೇಳಿಲ್ಲ.